ತೆರಿಗೆಯನ್ನು ದರೋಡೆ ಎನ್ನುವ ಗೆಳೆಯನ ಜೊತೆ ಹೇಗೆ ಕೂರುತ್ತೀರಿ?

ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ನನಗೆ ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಕೇಳುವವರಲ್ಲಿ ಹೆಚ್ಚಿನವರು ನನ್ನ ಕಡೆಯವರೇ. ಸರ್ಕಾರ ಎಲ್ಲರಿಗೂ ಶಾಲೆ, ಆಸ್ಪತ್ರೆ, ಮುಪ್ಪಿನಲ್ಲೊಂದು ಆಸರೆ ಒದಗಿಸಬೇಕು, ಅದಕ್ಕಾಗಿ ಉಳ್ಳವರು ಹೆಚ್ಚು ತೆರಿಗೆ ಕೊಡಬೇಕು ಎಂದು ನನ್ನಂತೆಯೇ ನಂಬಿರುವವರು. "ಬಡವರ ಮಕ್ಕಳ ಶಾಲೆಗೆ ದುಡ್ಡು ಕೊಡುವುದನ್ನು ದರೋಡೆ ಎನ್ನುವ ಮನುಷ್ಯನ ಜೊತೆ ನಿಮಗೆ ಅದೇನು ಸ್ನೇಹ?" ಎನ್ನುತ್ತಾರೆ. ಅತ್ತ ನನ್ನ ಗೆಳೆಯನಿಗೂ ಅವನ ಬಳಗ ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತದೆ: "ನಿನ್ನ ಬೆವರಿನ ದುಡ್ಡಿಗೆ ಕೈಹಾಕುವುದೇ ನ್ಯಾಯ ಎನ್ನುವವನನ್ನು ಹೇಗೆ ಸಹಿಸುತ್ತೀಯ?" ಇಬ್ಬರಿಗೂ ಸಿಗುವ ಸಲಹೆ ಒಂದೇ: ಬಿಟ್ಟುಬಿಡಿ.

ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಏಕೆಂದು ಒಮ್ಮೆ ವಿವರವಾಗಿ ಬರೆದುಬಿಡುತ್ತೇನೆ. ಸ್ನೇಹ ದೊಡ್ಡದು, ರಾಜಕೀಯ ಚಿಕ್ಕದು ಎಂಬ ಸಮಾಧಾನದ ಮಾತನ್ನು ನನ್ನಿಂದ ನಿರೀಕ್ಷಿಸಬೇಡಿ. ಯಾರ ಮಗು ಓದುತ್ತದೆ, ಯಾರ ರೋಗಕ್ಕೆ ಮದ್ದು ಸಿಗುತ್ತದೆ, ಯಾರ ವ್ಯಾಪಾರ ನೆಲಕಚ್ಚುತ್ತದೆ ಎಂಬುದೆಲ್ಲ ತೆರಿಗೆಯ ಒಳಗೇ ಇರುವಾಗ ಅದು ಚಿಕ್ಕ ವಿಷಯ ಹೇಗಾದೀತು? ಅದು ಅಷ್ಟು ದೊಡ್ಡದಾದ್ದರಿಂದಲೇ ನನಗೆ ಅವನು ಬೇಕು.

ಒಂದು ಸಂಜೆಯ ಮಾತು ಹೇಳುತ್ತೇನೆ. ಅವನು ತನ್ನ ಸಂಬಳದ ಚೀಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟ. ನಾಲ್ಕಾಗಿ ಮಡಚಿದ್ದ ಕಾಗದ. ಒಂದು ಮಡಿಕೆ ಸರಿಯಾಗಿ ತೆರಿಗೆ ಕಡಿತದ ಸಾಲಿನ ಮೇಲೆಯೇ ಹಾದುಹೋಗಿ ಅಂಕಿಗಳು ಮಾಸಿದ್ದವು. ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದ: "ನಾನು ಇದನ್ನು ಕೊಡುವುದಿಲ್ಲ ಎಂದೆ ಅಂದುಕೋ. ಏನಾಗುತ್ತದೆ?" ನೋಟಿಸ್ ಬರುತ್ತದೆ ಎಂದೆ. "ಅದಕ್ಕೂ ಜಗ್ಗದಿದ್ದರೆ?" ದಂಡ, ಬಡ್ಡಿ. "ಆಮೇಲೆ?" ಖಾತೆ ಜಪ್ತಿ, ಆಸ್ತಿ ಜಪ್ತಿ. "ಜಪ್ತಿಗೆ ಬಂದವರನ್ನು ಬಾಗಿಲಲ್ಲೇ ತಡೆದರೆ?" ನಾನು ಸುಮ್ಮನಾದೆ. "ಪೊಲೀಸರು ಬರುತ್ತಾರೆ" ಎಂದು ಅವನೇ ಮುಗಿಸಿದ. "ಇದರ ತುದಿಯಲ್ಲಿರುವುದು ಬಲಪ್ರಯೋಗ. ನೀನು ಇದನ್ನು ಕರುಣೆ ಎನ್ನುತ್ತೀಯ. ಇರಲಿ. ಆದರೆ ತುದಿಯಲ್ಲಿ ಏನಿದೆ ಎಂಬುದನ್ನು ಒಪ್ಪಿಕೊಂಡು ಮಾತಾಡು."

ಆಗ ನಾನು ಶಾಲೆಗಳ ಬಗ್ಗೆ, ಲಸಿಕೆಗಳ ಬಗ್ಗೆ, ಕುಡಿಯುವ ನೀರಿನ ಬಗ್ಗೆ ಬಹಳ ಹೊತ್ತು ಮಾತಾಡಿದೆ. ಸುಳ್ಳೇನೂ ಹೇಳಲಿಲ್ಲ. ಆದರೆ ಮನೆಗೆ ನಡೆದು ಬರುವಾಗ ಹೊಳೆಯಿತು: ಅವನು ಕೇಳಿದ್ದು ಒಂದು, ನಾನು ಉತ್ತರಿಸಿದ್ದು ಇನ್ನೊಂದು. ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ನಾನು ಹೇಳಿದ್ದೆ. ಯಾವ ಹಕ್ಕಿನಿಂದ ತೆಗೆದುಕೊಳ್ಳುತ್ತೀರಿ ಎಂದು ಅವನು ಕೇಳಿದ್ದ. ನನ್ನ ಬಳಗದಲ್ಲಿ ಇಪ್ಪತ್ತು ವರ್ಷ ಕೂತಿದ್ದರೂ ಆ ಪ್ರಶ್ನೆ ನನ್ನ ಕಿವಿಗೆ ಬೀಳುತ್ತಿರಲಿಲ್ಲ. 'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ' ಎಂಬ ಗಾದೆಯನ್ನು ನಾವು ಸಲೀಸಾಗಿ ಬಳಸುತ್ತೇವೆ. ಆ ಗಾದೆಯೊಳಗೆ ಕೈಕಟ್ಟಿ ನಿಂತವನೊಬ್ಬ ಇದ್ದಾನೆ, ಅವನ ಮಾತಿಗೆ ಕಿವಿಗೊಡದ ಒಂದು ಅಧಿಕಾರವಿದೆ ಎಂಬುದು ಆ ರಾತ್ರಿಯ ತನಕ ನನ್ನ ಮನಸ್ಸಿಗೆ ನಾಟಿರಲಿಲ್ಲ.

ಚೀಟಿಯ ಆ ಸಾಲಿಗೊಂದು ಚರಿತ್ರೆಯಿದೆ. ಅದನ್ನು ನನಗೆ ಹೇಳಿದವನೂ ಅವನೇ. ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಮುರಿದುಕೊಳ್ಳುವ ಕ್ರಮ ಅಮೆರಿಕದಲ್ಲಿ ವ್ಯಾಪಕವಾಗಿ ಜಾರಿಗೆ ಬಂದದ್ದು 1943ರಲ್ಲಿ, ಯುದ್ಧದ ಖರ್ಚಿಗಾಗಿ. ಅದರ ರೂಪುರೇಷೆಗೆ ದುಡಿದ ಖಜಾನೆ ಇಲಾಖೆಯ ಅರ್ಥಶಾಸ್ತ್ರಜ್ಞರಲ್ಲಿ ಮಿಲ್ಟನ್ ಫ್ರೀಡ್‌ಮನ್ ಕೂಡ ಇದ್ದರು. ಮುಂದೆ ಸರ್ಕಾರದ ಗಾತ್ರ ಇಳಿಯಬೇಕೆಂದು ದಶಕಗಟ್ಟಲೆ ವಾದಿಸಿದ ಅದೇ ಫ್ರೀಡ್‌ಮನ್. ಯುದ್ಧಕಾಲದಲ್ಲಿ ಅದು ಬೇಕಾಗಿತ್ತೆಂದು ಒಪ್ಪುತ್ತಲೇ, ಈಗ ಅದನ್ನು ತೆಗೆದುಹಾಕುವ ದಾರಿಯಿದ್ದರೆ ಚೆನ್ನಾಗಿತ್ತು ಎಂದು ಅವರು ವೃದ್ಧಾಪ್ಯದಲ್ಲಿ ಬರೆದರು. ನನ್ನ ಗೆಳೆಯನಿಗೆ ಫ್ರೀಡ್‌ಮನ್ ಗುರುಸಮಾನ. ಆದರೂ ತನ್ನ ವಾದಕ್ಕೆ ಮುಜುಗರ ತರುವ ಈ ಸಂಗತಿಯನ್ನು ಮುಚ್ಚಿಡದೆ ಅವನೇ ತಂದು ನನ್ನ ಮುಂದಿಟ್ಟ. ಇಂಥವನನ್ನು ಬಿಟ್ಟು ನಾನು ಯಾರ ಜೊತೆ ವಾದ ಮಾಡಲಿ?

ಮೊದಲ ಕೆಲವು ವರ್ಷ ನಮ್ಮ ಜಗಳ 'ಆರ್ಥಿಕ ಸ್ವಾತಂತ್ರ್ಯ' ಎಂಬ ಪದದ ಸುತ್ತಲೇ ಸುತ್ತಿತು. ಅವನು ಹಾಂಗ್‌ಕಾಂಗ್ ಎನ್ನುತ್ತಿದ್ದ: ಕಡಿಮೆ ತೆರಿಗೆ, ತೆರೆದ ಬಂದರು, ಯಾರು ಬೇಕಾದರೂ ಏನು ಬೇಕಾದರೂ ಮಾರಬಹುದಾದ ಊರು. ನಾನು ಡೆನ್ಮಾರ್ಕ್ ಎನ್ನುತ್ತಿದ್ದೆ: ಭಾರಿ ತೆರಿಗೆ, ಎಲ್ಲರಿಗೂ ಚಿಕಿತ್ಸೆ, ಎಲ್ಲರಿಗೂ ಓದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬಂತೆ ಇಬ್ಬರೂ ಪಟ್ಟು ಬಿಡುತ್ತಿರಲಿಲ್ಲ. ಆಮೇಲೆ ಇಬ್ಬರೂ ಕೂತು ಎದುರಾಳಿಯ ಊರನ್ನು ಸರಿಯಾಗಿ ಓದತೊಡಗಿದೆವು. ಹಾಂಗ್‌ಕಾಂಗಿನಲ್ಲಿ ನೆಲ ಬಹುತೇಕ ಸರ್ಕಾರದ್ದು; ಜನರಿಗೆ ಸಿಗುವುದು ಗುತ್ತಿಗೆ ಮಾತ್ರ. ಅಲ್ಲಿನ ಸುಮಾರು ಅರ್ಧದಷ್ಟು ಜನ ಸರ್ಕಾರಿ ವಸತಿ ಯೋಜನೆಯ ಮನೆಗಳಲ್ಲಿದ್ದಾರೆ. ಅವನು ಮೆಚ್ಚುವ ಸಿಂಗಾಪುರದಲ್ಲಂತೂ ಬಹುಪಾಲು ನಿವಾಸಿಗಳು ಸರ್ಕಾರ ಕಟ್ಟಿದ ಮನೆಗಳಲ್ಲೇ ಇರುವುದು. ಇತ್ತ ನನ್ನ ಡೆನ್ಮಾರ್ಕಿನಲ್ಲಿ ಕನಿಷ್ಠ ವೇತನದ ಕಾನೂನೇ ಇಲ್ಲ. ಕೂಲಿಯನ್ನು ಕಾರ್ಮಿಕ ಸಂಘಗಳೂ ಮಾಲೀಕರ ಸಂಘಗಳೂ ಮಾತಾಡಿ ನಿಗದಿ ಮಾಡುತ್ತವೆ. ಉದ್ಯಮ ಶುರುಮಾಡುವುದು ಅಲ್ಲಿ ಸುಲಭ, ಕೆಲಸದಿಂದ ತೆಗೆಯುವುದೂ ಸುಲಭ. ಮಾರುಕಟ್ಟೆಯ ಮುಕ್ತತೆಯನ್ನು ಅಳೆಯುವ ಪಟ್ಟಿಗಳಲ್ಲಿ ಆ ದೇಶ ಸದಾ ಮೇಲಿನ ಸಾಲಿನಲ್ಲಿರುತ್ತದೆ.

ಅಲ್ಲಿಗೆ ತೆರಿಗೆ ಹೆಚ್ಚು ಅಂದರೆ ಸ್ವಾತಂತ್ರ್ಯ ಕಡಿಮೆ ಎಂಬ ಅವನ ಲೆಕ್ಕವೂ, ಮಾರುಕಟ್ಟೆ ಬಿಗಿಯಾದಷ್ಟೂ ಬಡವರಿಗೆ ಒಳ್ಳೆಯದು ಎಂಬ ನನ್ನ ಲೆಕ್ಕವೂ ಎರಡೂ ಸಡಿಲವಾದವು. ಇದು ಒಬ್ಬನೇ ಕೂತು ಓದಿದ್ದರೆ ಆಗುತ್ತಿರಲಿಲ್ಲ. ನನ್ನ ಊರಿನ ದೋಷ ಹುಡುಕುವ ಹಟ ನನಗೆಲ್ಲಿಂದ ಬರಬೇಕು? ಅದು ಅವನಿಗಿತ್ತು.

ಒಮ್ಮೊಮ್ಮೆ ತೆರಿಗೆಯೇ ಸ್ವಾತಂತ್ರ್ಯವಾಗಿ ಬಂದದ್ದೂ ಉಂಟು. ಈ ಮಾತು ಅವನಿಗೆ ಮೊದಲು ಹಿಡಿಸಲಿಲ್ಲ. ಇಂಗ್ಲೆಂಡಿನ ಒಲೆ ತೆರಿಗೆಯಿಂದ ಶುರುಮಾಡಿದೆ. 1662ರಲ್ಲಿ ಅಲ್ಲಿ ಮನೆಯೊಳಗಿನ ಒಲೆಗಳನ್ನು ಎಣಿಸಿ ತೆರಿಗೆ ಹಾಕಿದರು. ಎಣಿಸಬೇಕಾದರೆ ಅಧಿಕಾರಿ ಮನೆಯೊಳಗೆ ನುಗ್ಗಬೇಕು, ಒಂದೊಂದು ಕೋಣೆಯನ್ನೂ ನೋಡಬೇಕು. ಜನಕ್ಕೆ ದುಡ್ಡಿನಷ್ಟೇ ಆ ನುಗ್ಗುವಿಕೆಯೂ ಅಸಹ್ಯವಾಗಿತ್ತು. 1689ರಲ್ಲಿ ಅದನ್ನು ರದ್ದು ಮಾಡಿದಾಗ, ಅದು ಇಡೀ ಜನತೆಯ ಮೇಲಿನ ಗುಲಾಮಗಿರಿಯ ಗುರುತು ಎಂದು ಕಾಯ್ದೆಯಲ್ಲೇ ಬರೆದರು. 1696ರಲ್ಲಿ ಬಂದದ್ದು ಕಿಟಕಿ ತೆರಿಗೆ. ಕಿಟಕಿಯನ್ನು ಬೀದಿಯಲ್ಲಿ ನಿಂತೇ ಎಣಿಸಬಹುದು, ಮನೆಯೊಳಗೆ ಕಾಲಿಡಬೇಕಾಗಿಲ್ಲ. ಒಂದು ಸ್ವಾತಂತ್ರ್ಯ ಉಳಿಯಿತು. ಆದರೆ ಜನ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿ ಮುಚ್ಚಿದರು. ಬೆಳಕಿಗೂ ಗಾಳಿಗೂ ಲೆಕ್ಕ ಹಾಕಿ ಬದುಕುವ ಸ್ಥಿತಿ ಬಂತು. ಹಳ್ಳಿಗಾಡಿನ ಪಟ್ಟಣದ ಹತ್ತು ಪೌಂಡ್ ಬಾಡಿಗೆಯ ಮನೆಗೆ ಐನೂರು ಪೌಂಡ್ ಬಾಡಿಗೆಯ ಲಂಡನ್ ಮನೆಗಿಂತ ಹೆಚ್ಚು ಕಿಟಕಿಗಳಿರಬಹುದು, ಆಗ ಬಡವನೇ ಹೆಚ್ಚು ತೆರುತ್ತಾನೆ ಎಂದು ಆ್ಯಡಂ ಸ್ಮಿತ್ 1776ರಲ್ಲೇ ತೋರಿಸಿಕೊಟ್ಟರು. ತೆರಿಗೆ ರದ್ದಾದದ್ದು 1851ರಲ್ಲಿ. ನೂರೈವತ್ತೈದು ವರ್ಷ! ಅಲ್ಲಿನ ಹಳೆಯ ಕಟ್ಟಡಗಳಲ್ಲಿ ಆ ಮುಚ್ಚಿದ ಕಿಟಕಿಗಳು ಇಂದಿಗೂ ಕಾಣಸಿಗುತ್ತವೆ: ಸುತ್ತ ಚೌಕಟ್ಟು ಹಾಗೆಯೇ ಇರುತ್ತದೆ, ನಡುವೆ ಇಟ್ಟಿಗೆ.

ಅದೇ ಸ್ಮಿತ್, ಶ್ರೀಮಂತರು ತಮ್ಮ ಆದಾಯದ ಪ್ರಮಾಣಕ್ಕಿಂತ ತುಸು ಹೆಚ್ಚೇ ತೆರಿಗೆ ಕೊಡುವುದು ತೀರಾ ಅನ್ಯಾಯವೇನಲ್ಲ ಎಂದೂ ಬರೆದಿದ್ದಾರೆ. ಮುಕ್ತ ಮಾರುಕಟ್ಟೆಯ ಪಿತಾಮಹನೆಂದು ಗೆಳೆಯ ಅವರ ಹೆಸರು ಹೇಳಿದಾಗಲೆಲ್ಲ ನಾನು ಈ ಮಾತನ್ನು ನೆನಪಿಸುತ್ತೇನೆ. ತೆರಿಗೆ ಎಷ್ಟು, ಯಾವಾಗ, ಹೇಗೆ ಕೊಡಬೇಕೆಂಬುದು ಕೊಡುವವನಿಗೆ ಖಚಿತವಾಗಿ ಗೊತ್ತಿರಬೇಕು, ಅಧಿಕಾರಿಯ ಮರ್ಜಿಗೆ ಬಿಡಬಾರದು ಎಂಬ ಸ್ಮಿತ್ ಅವರ ಇನ್ನೊಂದು ಮಾತನ್ನು ಅವನು ನನಗೆ ನೆನಪಿಸುತ್ತಾನೆ.

ಆ ಖಚಿತತೆಯ ಬೆಲೆ ರಷ್ಯಾದ ರೈತರಿಗೆ ಗೊತ್ತಿತ್ತು. 1921ರ ಮಾರ್ಚ್ ತಿಂಗಳಿನ ಕಥೆ ಇದು. ಆ ಗೆಳೆಯನ ಜೊತೆ ಹೇಗೆ ಕೂರುತ್ತೀರಿ ಎಂದು ಯಾರಾದರೂ ಕೇಳಿದಾಗ ನನಗೆ ಮೊದಲು ನೆನಪಾಗುವುದು ಇದೇ. ಅಂತರ್ಯುದ್ಧದ ವರ್ಷಗಳಲ್ಲಿ ಬೊಲ್ಶೆವಿಕ್ (ಕಮ್ಯುನಿಸ್ಟ್) ಸರ್ಕಾರ ಹಳ್ಳಿಗಳಿಗೆ ಶಸ್ತ್ರಸಜ್ಜಿತ ತಂಡಗಳನ್ನು ಕಳಿಸಿ ಧಾನ್ಯ ಕಿತ್ತುಕೊಳ್ಳುತ್ತಿತ್ತು. ಎಷ್ಟು ಬೆಳೆದರೂ ಉಳಿಯುವ ಭರವಸೆಯಿಲ್ಲದ ರೈತ ಬಿತ್ತನೆಯನ್ನೇ ಕಡಿಮೆ ಮಾಡಿದ. ದಂಗೆಗಳೆದ್ದವು. ಆಗ ಪಕ್ಷದ ಹತ್ತನೆಯ ಮಹಾಧಿವೇಶನ ಸೇರಿ, ಕಿತ್ತುಕೊಳ್ಳುವುದನ್ನು ನಿಲ್ಲಿಸಿ ಧಾನ್ಯರೂಪದ ತೆರಿಗೆ ಹಾಕಲು ತೀರ್ಮಾನಿಸಿತು. ಇಷ್ಟು ಕೊಡು, ಮಿಕ್ಕದ್ದು ನಿನ್ನದು, ಬೇಕಾದರೆ ಮಾರಿಕೋ. ಆ ರೈತನ ಪಾಲಿಗೆ ತೆರಿಗೆ ಎಂದರೆ ಸ್ವಾತಂತ್ರ್ಯವೇ ಆಗಿತ್ತು. ಕೆಲವೇ ವರ್ಷಗಳಲ್ಲಿ ಹೊಲಗಳು ತುಂಬಿದವು, ಸಂತೆಗಳು ಮತ್ತೆ ಸೇರಿದವು.

ಆದರೆ ಅದೇ ಅಧಿವೇಶನ, ಅದೇ ದಿನಗಳಲ್ಲಿ, ಇನ್ನೊಂದು ನಿರ್ಣಯವನ್ನೂ ಅಂಗೀಕರಿಸಿತು: ಪಕ್ಷದೊಳಗೆ ಗುಂಪುಗಳು ಇರಕೂಡದು. ಬೇರೆ ಪಕ್ಷಗಳ ಬಾಯಿಯನ್ನು ಆಗಲೇ ಕಟ್ಟಿಹಾಕಲಾಗಿತ್ತು. ಈಗ ಸ್ವಂತ ಮನೆಯೊಳಗಿನ ಭಿನ್ನಮತಕ್ಕೂ ಬಾಗಿಲು ಬಿತ್ತು. ಒಂದು ಕೈಯಲ್ಲಿ ಆರ್ಥಿಕ ಸ್ವಾತಂತ್ರ್ಯ ಕೊಟ್ಟು, ಇನ್ನೊಂದು ಕೈಯಲ್ಲಿ ಎದುರಾಡುವ ಹಕ್ಕನ್ನು ತೆಗೆದುಕೊಂಡರು. ಆ ಹೊತ್ತಿನಲ್ಲಿ ಹಲವರಿಗೆ ಇದು ಒಳ್ಳೆಯ ವ್ಯಾಪಾರವೆಂದೇ ತೋರಿರಬೇಕು.

ಪಕ್ಷದ ಮುಂಚೂಣಿ ನಾಯಕರಲ್ಲೊಬ್ಬರಾದ ನಿಕೊಲಾಯ್ ಬುಖಾರಿನ್ ಈ ಹೊಸ ಆರ್ಥಿಕ ನೀತಿಯ ದೊಡ್ಡ ಸಮರ್ಥಕರಾದರು. ರೈತರೇ, ಸಂಪಾದಿಸಿ, ಶ್ರೀಮಂತರಾಗಿ ಎಂದು 1925ರಲ್ಲಿ ಬಹಿರಂಗವಾಗಿ ಕರೆಕೊಟ್ಟರು. ಟ್ರಾಟ್ಸ್‌ಕಿ, ಜಿನೊವ್ಯೆವ್, ಕಾಮೆನೆವ್ ಅವರ, ಪಕ್ಷದೊಳಗಿನ ವಿರೋಧಿ ಬಣ ಈ ನೀತಿಯನ್ನು ಪ್ರಶ್ನಿಸಿದಾಗ, ಬುಖಾರಿನ್ ಸ್ಟಾಲಿನ್ ಜೊತೆ ಸೇರಿ ಅವರನ್ನು ಹತ್ತಿಕ್ಕಲು ನೆರವಾದರು. 1927ರ ಕೊನೆಯ ಹೊತ್ತಿಗೆ ಅವರೆಲ್ಲ ಪಕ್ಷದಿಂದ ಹೊರಗಿದ್ದರು. ಕೆಲವೇ ವಾರಗಳಲ್ಲಿ, 1928ರ ಜನವರಿಯಲ್ಲಿ, ಸ್ಟಾಲಿನ್ ಸೈಬೀರಿಯಾಕ್ಕೆ ಹೋಗಿ ರೈತರಿಂದ ಮತ್ತೆ ಧಾನ್ಯ ಕಿತ್ತುಕೊಳ್ಳುವುದನ್ನು ಶುರುಮಾಡಿಸಿದರು. ಈಗ ಬುಖಾರಿನ್ ಯಾರ ಮುಂದೆ ದೂರಬೇಕು? ಆ ವರ್ಷದ ಜುಲೈನಲ್ಲಿ ಅವರು ಗುಟ್ಟಾಗಿ ಕಾಮೆನೆವ್ ಮನೆಗೆ ಹೋದರು. ತಾವೇ ಸೋಲಿಸಿದ, ತಾವೇ ಬಾಯಿ ಮುಚ್ಚಿಸಿದ ಎದುರಾಳಿಯ ಮನೆಗೆ. ಸ್ಟಾಲಿನ್ ಒಬ್ಬ ಚೆಂಗಿಸ್ ಖಾನ್ ಎಂದು ಅವರು ಅಂದು ಹೇಳಿದ್ದನ್ನು ಕಾಮೆನೆವ್ ಟಿಪ್ಪಣಿ ಮಾಡಿಟ್ಟರು. ಆದರೆ ಆ ಕೋಣೆಯಲ್ಲಿ ಮಾತಾಡಿ ಏನು ಬಂತು? ಹೊರಗೆ ಆ ಮಾತನ್ನು ಆಡಲು ವೇದಿಕೆಯಾಗಲಿ, ಪತ್ರಿಕೆಯಾಗಲಿ, ಮತವಾಗಲಿ ಉಳಿದಿರಲಿಲ್ಲ. 1929ರಲ್ಲಿ ಬುಖಾರಿನ್ ತಮ್ಮ ಪ್ರಮುಖ ಸ್ಥಾನಗಳನ್ನು ಕಳೆದುಕೊಂಡರು. ರೈತರ ಜಮೀನು ಸಾಮೂಹಿಕ ಕೃಷಿಗೆ ಹೋಯಿತು. 1932–33ರ ಕ್ಷಾಮದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಕಾಮೆನೆವ್‌ರನ್ನು 1936ರಲ್ಲಿ, ಬುಖಾರಿನ್‌ರನ್ನು 1938ರ ಮಾರ್ಚ್‌ನಲ್ಲಿ ಗುಂಡಿಟ್ಟು ಕೊಂದರು.

ಜುಲೈ ತಿಂಗಳ ಆ ಭೇಟಿ ನನ್ನನ್ನು ಬಹಳ ಕಾಡುತ್ತದೆ. ಆ ಇಬ್ಬರ ನಡುವೆ ಇದ್ದದ್ದು ತೆರಿಗೆಯ, ಧಾನ್ಯದ ಬೆಲೆಯ, ಕೈಗಾರಿಕೆಗೆ ಎಷ್ಟು ಬಂಡವಾಳ ಎಂಬುದರ ಜಗಳ. ಅಂದರೆ ನನ್ನ ಮತ್ತು ನನ್ನ ಗೆಳೆಯನ ಜಗಳದ ಜಾತಿಯದೇ. ಆ ಜಗಳವನ್ನು ಗೆಲ್ಲುವ ಅವಸರದಲ್ಲಿ ಜಗಳವಾಡುವ ಜಾಗವನ್ನೇ ಕೆಡವಿಬಿಟ್ಟರು. ಆಮೇಲೆ ಸರಿಯಾದ ಮಾತಿಗೂ ತಪ್ಪು ಮಾತಿಗೂ ನಿಲ್ಲಲು ನೆಲವೇ ಇರಲಿಲ್ಲ.

ಇದು ಎಡಪಂಥದವರ ರೋಗ ಮಾತ್ರ ಎಂದು ಗೆಳೆಯ ಒಮ್ಮೆ ಹೇಳಿದ. ಚಿಲಿಯ ಹೆಸರು ಹೇಳಿದೆ. 1973ರಲ್ಲಿ ಸೇನಾನಾಯಕ ಪಿನೊಚೆ ಸಂಸತ್ತನ್ನು ಮುಚ್ಚಿ, ಪಕ್ಷಗಳನ್ನು ನಿಷೇಧಿಸಿ, ಎದುರಾಳಿಗಳನ್ನು ಸೆರೆಗೆ, ಚಿತ್ರಹಿಂಸೆಗೆ, ಸಾವಿಗೆ ದೂಡಿದ ಮೇಲೆ, ಶಿಕಾಗೊದಲ್ಲಿ ಓದಿ ಬಂದ ಅರ್ಥಶಾಸ್ತ್ರಜ್ಞರು ಅಲ್ಲಿ ಮುಕ್ತ ಮಾರುಕಟ್ಟೆ ಕಟ್ಟಿದರು. ಕರೆನ್ಸಿಯ ದರವನ್ನು ಡಾಲರಿಗೆ ಬಿಗಿದದ್ದು ತಪ್ಪೆಂದು ಬೀದಿಯಲ್ಲಿ ನಿಂತು ಕೂಗುವ ಪ್ರತಿಪಕ್ಷ ಇರಲಿಲ್ಲ. 1982ರ ಕುಸಿತದ ಮರುವರ್ಷ ಅದೇ ಸರ್ಕಾರ ದೊಡ್ಡ ಬ್ಯಾಂಕುಗಳನ್ನು ತನ್ನ ವಶಕ್ಕೆ ತೆಗೆದುಕೊಳ್ಳಬೇಕಾಯಿತು. ಚುನಾವಣೆ ಮರಳಿದ ಮೇಲೆ, 1990ರಲ್ಲಿ, ಹೊಸ ಅಧ್ಯಕ್ಷ ಎಯ್ಲ್ವಿನ್ ಅವರ ಸರ್ಕಾರ ಬಲಪಂಥೀಯ ಪ್ರತಿಪಕ್ಷವೊಂದರ ಜೊತೆ ಕೂತು ಮಾತಾಡಿ ತೆರಿಗೆ ಹೆಚ್ಚಿಸಿತು, ಮುಕ್ತ ವ್ಯಾಪಾರವನ್ನೂ ಉಳಿಸಿಕೊಂಡಿತು. ಗೆಳೆಯ ಅಂದು ಹೆಚ್ಚು ಮಾತಾಡಲಿಲ್ಲ. ಮುಂದಿನ ಸಲ ಬಂದಾಗ, "ಚಿಲಿಯನ್ನು ಇನ್ನು ನನ್ನ ಉದಾಹರಣೆಯಾಗಿ ತರುವುದಿಲ್ಲ" ಎಂದ.

ಇನ್ನು ಸ್ವೀಡನ್. ಇದನ್ನು ನೆನೆದಾಗ ಮಾತ್ರ ನನಗೆ ಮನಸ್ಸು ತುಂಬಿ ಬರುತ್ತದೆ. 1976ರಲ್ಲಿ ಅಲ್ಲಿನ ಮಕ್ಕಳ ಸಾಹಿತಿ ಆಸ್ಟ್ರಿಡ್ ಲಿಂಡ್‌ಗ್ರೆನ್ ತಮ್ಮ ತೆರಿಗೆಯ ಲೆಕ್ಕ ಹಾಕಿ ನೋಡಿದರೆ, ಹೆಚ್ಚುವರಿ ಆದಾಯದ ಮೇಲೆ ಶೇಕಡಾ 102 ತೆರಿಗೆ ಬೀಳುತ್ತಿತ್ತು. ನೂರು ಗಳಿಸಿದರೆ ನೂರೆರಡು ಕೊಡಬೇಕು. ಸ್ವಂತ ಉದ್ಯೋಗ ಮಾಡುವವರ ಮೇಲೆ ಆದಾಯ ತೆರಿಗೆಯ ಜೊತೆಗೆ ಸಾಮಾಜಿಕ ಭದ್ರತೆಯ ವಂತಿಗೆಯೂ ಬಿದ್ದು ಹೀಗಾಗಿತ್ತು. ಲಿಂಡ್‌ಗ್ರೆನ್ ಜೀವಮಾನವಿಡೀ ಆಡಳಿತದಲ್ಲಿದ್ದ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ಪರವಿದ್ದವರು. ಹೆಚ್ಚು ತೆರಿಗೆ ಕೊಡುವುದರಲ್ಲಿ ತಕರಾರಿಲ್ಲದವರು. ಆದರೂ ಆ ಮಾರ್ಚ್‌ನಲ್ಲಿ ಅವರು ಎಕ್ಸ್‌ಪ್ರೆಸೆನ್ ಪತ್ರಿಕೆಗೆ ಈ ತೆರಿಗೆಯ ಬಗ್ಗೆ ಒಂದು ಅಡಗೂಲಜ್ಜಿ ಕಥೆ ಬರೆದು ಕಳಿಸಿದರು. ಹಣಕಾಸು ಸಚಿವ ಗುನ್ನಾರ್ ಸ್ಟ್ರೆಂಗ್ ಅವರು ಸಂಸತ್ತಿನಲ್ಲಿ, ಸಾಹಿತ್ಯದ ಕೌಶಲವಿದೆ, ತೆರಿಗೆಯ ಜ್ಞಾನವಿಲ್ಲ ಎಂಬ ಅರ್ಥದ ಮಾತಾಡಿದರು. ಸಚಿವರಿಗೆ ಕಥೆ ಹೇಳಲು ಬರುತ್ತದೆ, ಲೆಕ್ಕ ಬರುವುದಿಲ್ಲ, ನಾವಿಬ್ಬರೂ ಕೆಲಸ ಅದಲುಬದಲು ಮಾಡಿಕೊಳ್ಳುವುದು ಲೇಸು ಎಂದು ಲಿಂಡ್‌ಗ್ರೆನ್ ಮರುತ್ತರ ಕೊಟ್ಟರು. ಲೆಕ್ಕ ಅವರದೇ ಸರಿಯಿತ್ತು.

ಆ ಸೆಪ್ಟೆಂಬರಿನಲ್ಲಿ ಚುನಾವಣೆ ನಡೆದು, ನಾಲ್ಕು ದಶಕಗಳಿಂದ ಆಳಿದ ಪಕ್ಷ ಅಧಿಕಾರ ಕಳೆದುಕೊಂಡಿತು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಪರಮಾಣು ವಿದ್ಯುತ್ತಿನ ವಿವಾದ ಅದರಲ್ಲಿ ದೊಡ್ಡದು. ಒಬ್ಬರನ್ನೂ ಸೆರೆಗೆ ಹಾಕಲಿಲ್ಲ. ಲಿಂಡ್‌ಗ್ರೆನ್ ಅವರನ್ನು ದ್ರೋಹಿ ಎಂದು ಹೊರಗಟ್ಟಲಿಲ್ಲ. ಅವರೂ ತಮ್ಮ ನಂಬಿಕೆ ಬದಲಿಸಲಿಲ್ಲ. ಮುಂದೆ ಅದೇ ಪಕ್ಷ ಅಧಿಕಾರಕ್ಕೆ ಮರಳಿ, 1991ರಲ್ಲಿ ಜಾರಿಗೆ ಬಂದ ದೊಡ್ಡ ಸುಧಾರಣೆಯಲ್ಲಿ, ಪ್ರತಿಪಕ್ಷದ ಉದಾರವಾದಿಗಳ ಜೊತೆ ಒಪ್ಪಂದ ಮಾಡಿಕೊಂಡು ದುಡಿಮೆಯ ಮೇಲಿನ ಗರಿಷ್ಠ ದರವನ್ನು ಹೆಚ್ಚುಕಡಿಮೆ ಶೇಕಡಾ 50ಕ್ಕೆ ಇಳಿಸಿತು. 2004ರಲ್ಲಿ ಪಿತ್ರಾರ್ಜಿತ ಆಸ್ತಿಯ ತೆರಿಗೆಯನ್ನೂ ಅದೇ ಪಕ್ಷದ ಸರ್ಕಾರವೇ ತೆಗೆದುಹಾಕಿತು. (ಇದು ತಪ್ಪು ನಿರ್ಧಾರ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಸತ್ತವರ ಆಸ್ತಿಯ ಮೇಲಿನ ತೆರಿಗೆಗಿಂತ ನ್ಯಾಯವಾದ ತೆರಿಗೆ ನನಗೆ ಕಾಣುವುದಿಲ್ಲ. ಗೆಳೆಯನಿಗೆ ಅದಕ್ಕಿಂತ ಕ್ರೂರವಾದದ್ದು ಕಾಣುವುದಿಲ್ಲ. ಈ ಜಗಳ ನಮ್ಮಲ್ಲಿ ಇನ್ನೂ ತೀರಿಲ್ಲ.) ಸ್ವೀಡನ್ನಿನಲ್ಲಿ ಶಾಲೆಗಳೂ ಆಸ್ಪತ್ರೆಗಳೂ ಉಳಿದವು, ಶೇಕಡಾ 102 ಹೋಯಿತು. ಇಲ್ಲಿ ಗೆದ್ದವರು ಯಾರು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ.

ಇಂಥ ಅತಿರೇಕ ಸ್ವೀಡನ್ನಿಗೆ ಮಾತ್ರ ಸೇರಿದ್ದಲ್ಲ. ಅಮೆರಿಕದಲ್ಲಿ 1913ರಲ್ಲಿ ಶೇಕಡಾ 7 ಇದ್ದ ಗರಿಷ್ಠ ಆದಾಯ ತೆರಿಗೆ ದರ 1944ರಲ್ಲಿ 94ಕ್ಕೆ ಏರಿತು, 1988ರಲ್ಲಿ 28ಕ್ಕೆ ಇಳಿಯಿತು. ಭಾರತದಲ್ಲಿ 1970ರ ದಶಕದ ಆರಂಭದಲ್ಲಿ ಮೇಲ್ತೆರಿಗೆ ಸೇರಿ ಅದು 97.75 ಇತ್ತು. ಅಷ್ಟು ದರವಿಟ್ಟರೆ ಜನ ಕದಿಯುವುದನ್ನು ಕಲಿಯುತ್ತಾರೆ ಎಂಬ ಎಚ್ಚರಿಕೆಯ ಮಾತನ್ನು ಅಂದು ನನ್ನ ಕಡೆಯವರು ಶ್ರೀಮಂತರ ವಕಾಲತ್ತು ಎಂದು ತಳ್ಳಿಹಾಕುತ್ತಿದ್ದರು. ಎಚ್ಚರಿಸಿದವರೇ ಸರಿಯಾಗಿದ್ದರು.

ಸರ್ಕಾರದ ಖರ್ಚಿನ ಪರ ವಾದಿಸಿದ ಅರ್ಥಶಾಸ್ತ್ರಜ್ಞ ಕೇನ್ಸ್ ಮತ್ತು ಮುಕ್ತ ಮಾರುಕಟ್ಟೆಯ ಪರ ವಾದಿಸಿದ ಅರ್ಥಶಾಸ್ತ್ರಜ್ಞ ಹಾಯೆಕ್ ಅವರ ಸಂಬಂಧವನ್ನೂ ಹೇಳಬೇಕು. 1930ರ ದಶಕದ ಆರಂಭದಲ್ಲಿ ಇಬ್ಬರೂ ಪರಸ್ಪರರ ಸಿದ್ಧಾಂತಗಳನ್ನು ಕಟುವಾಗಿ ವಿಮರ್ಶಿಸಿ ಬರೆದವರು. ಆದರೂ ಯುದ್ಧ ಬಂದು ಹಾಯೆಕ್ ಪಾಠ ಹೇಳುತ್ತಿದ್ದ ಲಂಡನ್ ಸಂಸ್ಥೆ ಕೇಂಬ್ರಿಜ್‌ಗೆ ಸ್ಥಳಾಂತರವಾದಾಗ, ಕಿಂಗ್ಸ್ ಕಾಲೇಜಿನಲ್ಲಿ ಅವರಿಗೆ ಕೋಣೆ ಕೊಡಿಸಿದವರು ಕೇನ್ಸ್. 1944ರಲ್ಲಿ ಸರ್ಕಾರದ ಯೋಜನೆಗಳು ಗುಲಾಮಗಿರಿಗೆ ದಾರಿ ಎಂದು ಎಚ್ಚರಿಸುವ ಹಾಯೆಕ್ ಅವರ ಪುಸ್ತಕ ಬಂತು. ಕೇನ್ಸ್ ಅದನ್ನು ಅಮೆರಿಕಕ್ಕೆ ಹೋಗುವ ಹಡಗಿನಲ್ಲಿ ಓದಿ, ಜೂನ್ 28ರಂದು ಪತ್ರ ಬರೆದರು. ನೈತಿಕವಾಗಿ, ತಾತ್ವಿಕವಾಗಿ ಹೆಚ್ಚುಕಡಿಮೆ ಪೂರ್ತಿ ಒಪ್ಪಿಗೆ, ಅದೂ ಮನಕಲಕಿದ ಒಪ್ಪಿಗೆ ಎಂದರು. ಬಳಿಕ ಕೇಳಿದರು: ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕೆಂದು ನೀವೂ ಒಪ್ಪುತ್ತೀರಿ, ಆದರೆ ಎಲ್ಲಿ ಎಳೆಯಬೇಕೆಂದು ಹೇಳುವುದೇ ಇಲ್ಲವಲ್ಲ? ಅದೇ ಪುಸ್ತಕದಲ್ಲಿ ಹಾಯೆಕ್ ಎಲ್ಲರಿಗೂ ಕನಿಷ್ಠ ಊಟ, ಬಟ್ಟೆ, ವಸತಿಯನ್ನು ಸರ್ಕಾರ ಖಾತರಿಪಡಿಸಬಹುದೆಂದು ಒಪ್ಪಿದ್ದರು. ಇಬ್ಬರೂ ನಿಂತದ್ದು ಒಂದೇ ಬಯಲಿನಲ್ಲಿ. ಗೆರೆ ಎಲ್ಲಿ ಎಂಬುದಷ್ಟೇ ಜಗಳ. ಆ 'ಅಷ್ಟೇ' ಎಂಬುದರೊಳಗೆ ಕೋಟ್ಯಂತರ ಜನರ ಬದುಕಿದೆ, ಅದು ಬೇರೆ ಮಾತು.

"ಇದೆಲ್ಲ ಹೊಟ್ಟೆ ತುಂಬಿದವರ ಸಹಿಷ್ಣುತೆ" ಎಂದು ಒಬ್ಬ ತರುಣಿ ನನ್ನ ಮುಖಕ್ಕೇ ಹೇಳಿದ್ದಳು. "ಮದ್ದಿಲ್ಲದೆ ಸಾಯುವವನು ಎದುರಾಳಿಯ ವಾದವನ್ನು ಗೌರವಿಸುತ್ತಾ ಕೂರಬೇಕೇ?" ಅವಳ ಸಿಟ್ಟು ನ್ಯಾಯವಾದದ್ದು. ಸಹಿಷ್ಣುತೆ ಎಂದರೆ ಮೆತ್ತಗೆ ಮಾತಾಡುವುದು ಎಂದು ನಾನು ಯಾವತ್ತೂ ತಿಳಿದಿಲ್ಲ. 1930ರ ಮಾರ್ಚ್ 2ರಂದು, ಉಪ್ಪಿನ ತೆರಿಗೆಯನ್ನು ಮುರಿಯಲು ಹೊರಡುವ ಹತ್ತು ದಿನ ಮೊದಲು, ಗಾಂಧೀಜಿ ವೈಸ್‌ರಾಯ್ ಇರ್ವಿನ್‌ಗೆ ಬರೆದ ಪತ್ರ 'ಪ್ರಿಯ ಮಿತ್ರರೇ' ಎಂದು ಶುರುವಾಗುತ್ತದೆ. ಅದೇ ಪತ್ರದಲ್ಲಿ ಬ್ರಿಟಿಷ್ ಆಳ್ವಿಕೆಯನ್ನು ಶಾಪ ಎಂದು ಕರೆದಿದ್ದಾರೆ, ತೆರಿಗೆಯ ಭಾರವನ್ನು ಅಂಕಿಗಳ ಸಮೇತ ಬಿಡಿಸಿಟ್ಟಿದ್ದಾರೆ, ಕಾನೂನು ಮುರಿಯುತ್ತೇನೆಂದು ಮುಂಚಿತವಾಗಿಯೇ ತಿಳಿಸಿದ್ದಾರೆ. ಒಂದು ಶಬ್ದವನ್ನೂ ಸಡಿಲ ಮಾಡದೆ, ಎದುರಿನವನು ಮನುಷ್ಯನೆಂಬುದನ್ನೂ ಮರೆಯದೆ ಹೋರಾಡಬಹುದು. ಆ ತರುಣಿಗೂ ಇದನ್ನೇ ಹೇಳಿದೆ. ಅವಳು ಒಪ್ಪಲಿಲ್ಲ. ನಮ್ಮ ಮಾತುಕತೆ ಮುಂದುವರಿದಿದೆ.

ಹಾಗಾದರೆ ಎಲ್ಲರನ್ನೂ ಸಹಿಸಬೇಕೇ? ಇಲ್ಲ. ಸಹಿಷ್ಣುತೆಗೆ ಮಿತಿಯಿಲ್ಲದಿದ್ದರೆ ಸಹಿಷ್ಣುತೆಯೇ ಉಳಿಯುವುದಿಲ್ಲ ಎಂದು ತತ್ವಜ್ಞಾನಿ ಕಾರ್ಲ್ ಪಾಪರ್ 1945ರಲ್ಲಿ ಒಂದು ಅಡಿಟಿಪ್ಪಣಿಯಲ್ಲಿ ಬರೆದದ್ದನ್ನು ಇಂದು ಎಲ್ಲರೂ ಉಲ್ಲೇಖಿಸುತ್ತಾರೆ. ಅದರ ಮುಂದಿನ ಮಾತನ್ನು ಬಿಟ್ಟುಬಿಡುತ್ತಾರೆ: ತರ್ಕದಿಂದ ಎದುರಿಸಲು, ಜನಾಭಿಪ್ರಾಯದಿಂದ ಹದ್ದುಬಸ್ತಿನಲ್ಲಿಡಲು ಸಾಧ್ಯವಿರುವ ತನಕ ಅಸಹಿಷ್ಣು ವಿಚಾರಗಳ ಬಾಯಿ ಮುಚ್ಚಿಸುವುದು ಜಾಣತನವಲ್ಲ ಎಂದೂ ಪಾಪರ್ ಅಲ್ಲಿಯೇ ಹೇಳಿದ್ದಾರೆ. ವಾದಕ್ಕೆ ಬರಲು ಒಪ್ಪದೆ ಮುಷ್ಟಿಯಿಂದ, ಪಿಸ್ತೂಲಿನಿಂದ ಉತ್ತರಿಸುವವರ ವಿಷಯ ಬೇರೆ. ನನ್ನ ಅಳತೆಗೋಲೂ ಇದೇ. ತೆರಿಗೆ ಬೇಡ ಎನ್ನುವವನು ನನ್ನ ಮತವನ್ನು ಕಿತ್ತುಕೊಳ್ಳಲು ಹೊರಟಿಲ್ಲ. ತೆರಿಗೆ ಬೇಕು ಎನ್ನುತ್ತಲೇ ಎದುರಾಡುವವರ ಪತ್ರಿಕೆ ಮುಚ್ಚಿಸಲು ಹೊರಟವನು ನನ್ನ ಕಡೆಯವನಾದರೂ ಅವನೇ ನನಗೆ ಹೆಚ್ಚು ಅಪಾಯಕಾರಿ. ಇದನ್ನು ನನ್ನ ಬಳಗದಲ್ಲಿ ಹೇಳಿ ಕೆಲವರನ್ನು ಕಳೆದುಕೊಂಡಿದ್ದೇನೆ.

ನನಗೆ ಬಹಳ ಪ್ರಿಯವಾದ ಒಂದು ಸರ್ಕಾರಿ ಖರ್ಚಿದೆ: ವಿರೋಧ ಪಕ್ಷದ ನಾಯಕರ ಸಂಬಳ. ಕೆನಡಾ ಅದನ್ನು 1905ರಲ್ಲಿ ಶುರುಮಾಡಿತು, ಬ್ರಿಟನ್ 1937ರಲ್ಲಿ, ಭಾರತ 1977ರ ಕಾಯ್ದೆಯಿಂದ. ಆಳುವವರನ್ನು ದಿನಬೆಳಗಾದರೆ ಪ್ರಶ್ನಿಸುವುದಕ್ಕೆಂದೇ ಒಬ್ಬ ಮನುಷ್ಯನಿಗೆ ಬೊಕ್ಕಸದಿಂದ ಸಂಬಳ. ಆ ಸಂಬಳಕ್ಕೆ ಹೋಗುವ ತೆರಿಗೆಯಲ್ಲಿ ನನ್ನದೂ ಇದೆ, ನನ್ನ ಗೆಳೆಯನದೂ ಇದೆ.

ಸಂಬಳದ ಚೀಟಿಯ ಪ್ರಶ್ನೆಗೆ ನಾನು ಉತ್ತರ ಕೊಟ್ಟೆನೇ ಎಂದು ನೀವು ಕೇಳಬಹುದು. ಎರಡು ವಾರ ಯೋಚಿಸಿ ಅವನಿಗೆ ಬರೆದೆ. ಬಲಪ್ರಯೋಗ ಇದೆಯೆಂದು ಒಪ್ಪಿದೆ. ಆದರೆ ನಿನ್ನ ಜಮೀನಿನೊಳಗೆ ಬೇರೊಬ್ಬ ನುಗ್ಗಿದರೆ ಅವನನ್ನು ಹೊರಹಾಕುವುದೂ ಬಲವೇ, ಒಪ್ಪಂದ ಮುರಿದವನಿಂದ ನಿನ್ನ ಹಣ ವಸೂಲು ಮಾಡಿಕೊಡುವುದೂ ಬಲವೇ. ನಿನ್ನದು ಎಂದು ನೀನು ಹೇಳುವ ಸಂಬಳ ಆ ಕಾನೂನು, ಆ ನ್ಯಾಯಾಲಯ, ಆ ರಸ್ತೆ ಇಲ್ಲದೆ ನಿನ್ನ ಕೈಗೆ ಬರುತ್ತಿತ್ತೇ ಎಂದು ಕೇಳಿದೆ. ಅವನು ನನ್ನ ಹಾಳೆಯ ಅಂಚಿನಲ್ಲೇ ಪೆನ್ಸಿಲಿನಿಂದ ಮೂರು ಆಕ್ಷೇಪ ಬರೆದು ವಾಪಸು ಕೊಟ್ಟ. ಮೊದಲನೆಯದು, ನ್ಯಾಯಾಲಯ ಮತ್ತು ಪೊಲೀಸರಿಗೆ ಬೇಕಾದಷ್ಟನ್ನು ಮಾತ್ರ ಈ ವಾದ ಸಮರ್ಥಿಸುತ್ತದೆ ಎಂಬುದು. ಅದಕ್ಕೆ ನನ್ನಲ್ಲಿ ಉತ್ತರವಿದೆ. ಮೂರನೆಯದು, ತನ್ನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲವೆಂಬುದು. ಅದಕ್ಕೆ ಅರ್ಧ ಉತ್ತರವಿದೆ. ನಡುವಿನದು ಹೀಗಿತ್ತು: "ಬಹುಮತ ಒಪ್ಪಿದರೆ ಸಾಕು ಎಂದಾದರೆ ಬಹುಮತ ಮುಟ್ಟಕೂಡದ್ದು ಯಾವುದು? ಗೆರೆ ಎಲ್ಲಿ ಎಳೆಯುತ್ತೀಯ?" ಕೇನ್ಸ್ ಹಾಯೆಕ್‌ಗೆ ಕೇಳಿದ್ದನ್ನೇ ಹಾಯೆಕ್ ಕಡೆಯವನು ಈಗ ನನಗೆ ಕೇಳಿದ್ದಾನೆ. ಆದಾಯದ ಅರ್ಧಕ್ಕೆ ಎಂದು ಬರೆದೆ. ಅರ್ಧವೇ ಏಕೆ, ಕಾಲು ಏಕಲ್ಲ ಎಂದು ಅವನು ಕೇಳುತ್ತಾನೆಂದು ಗೊತ್ತಿದ್ದು ಹೊಡೆದುಹಾಕಿದೆ. ಮತ್ತೆ ಬರೆಯುತ್ತಿದ್ದೇನೆ. ಭಾನುವಾರ ಅವನು ಬರುತ್ತಾನೆ.